ಕೆಂಪು ಗೀಟು ಬಿದ್ದ ಟಿಟವಿ

ಹುಮನಾಬಾದಿನಿಂದ ದಿನಾ ಬಸ್ಸು ಹತ್ತಿ, ಮುಡಬಿಯಾಚೆಯ ಒಂದು ಸಣ್ಣ ಊರಿನ ಶಾಲೆಗೆ ಬರುತ್ತಿದ್ದಳು ರತ್ನಮಾಲಾ ಟೀಚರ್. ಹನ್ನೆರಡು ವರ್ಷದ ನೌಕರಿಯಲ್ಲಿ ಒಂದು ದಿನ ತಡವಾದವಳಲ್ಲ, ಒಂದು ಪುಸ್ತಕ ಕಳೆದವಳಲ್ಲ. ಕಳೆಯುವುದಾದರೂ ಹೇಗೆ? ಗ್ರಂಥಾಲಯವೆಂದರೆ ಒಂದು ಕಬ್ಬಿಣದ ಅಲಮಾರಿ, ಅದರ ಕೀಲಿ ಆಕೆಯ ಪರ್ಸಿನಲ್ಲಿ. ತಪಾಸಣೆಯ ಸಾಹೇಬರು ಬರುವ ದಿನ ಪುಸ್ತಕಗಳು ಹೊರಬಂದು ತೋರಿಕೆಗೆ ಹಗ್ಗಕ್ಕೆ ಜೋತುಬೀಳುತ್ತಿದ್ದವು. ಸಾಹೇಬರ ಗಾಡಿ ತಿರುಗಿತೋ, ಮತ್ತೆ ಒಳಗೆ.

ಆ ಮಾರ್ಚಿನಲ್ಲಿ ಮೇಲಿನಿಂದ ಕಾಗದ ಬಂತು: ಮಕ್ಕಳು ಹಕ್ಕಿಗಳ ಬಗ್ಗೆ ಓದಬೇಕು, ಹೊರಗೆ ಹೋಗಿ ನೋಡಬೇಕು, ಕಂಡದ್ದನ್ನು ಬರೆಯಬೇಕು. ಬಿಸಿಲಿಗೆ ಹೋಗುವವರು ಯಾರು? ರತ್ನಮಾಲಾ ನವಿಲಿನ ಮೇಲೆ ಹತ್ತು ಸಾಲು ಹಲಗೆಯಲ್ಲಿ ಬರೆದಳು. ನಾಲ್ಕನೆಯ ತರಗತಿಯ ಇಪ್ಪತ್ತೆರಡು ಮಕ್ಕಳು ಅದನ್ನೇ ದುಂಡಗೆ ಇಳಿಸಿಕೊಂಡರು.

ಇಪ್ಪತ್ತಮೂರನೆಯವಳು ಸಾಕ್ಷಿ, ಕುರಿ ಕಾಯುವ ಪಂಡರಿಯ ಮಗಳು. ಆಕೆಯ ಹಾಳೆಯಲ್ಲಿ ನವಿಲಿರಲಿಲ್ಲ, ಊರವರು ಟಿಟವಿ ಎನ್ನುವ ಟಿಟ್ಟಿಭ ಹಕ್ಕಿಯಿತ್ತು: 'ಟಿಟವಿ ಗೂಡು ಕಟ್ಟೋದಿಲ್ಲ. ನೆಲದ ಮ್ಯಾಲೆ ಹರಳಿನ ನಡುವ ನಾಕು ತತ್ತಿ ಇಡ್ತದ. ಕುರಿ ಹತ್ರ ಹೋದ್ರ ರೆಕ್ಕಿ ಬಿಚ್ಚಿ ಚೀರತದ.'

ರತ್ನಮಾಲಾ ಕೆಂಪು ಪೆನ್ನಿನಿಂದ ಅಡ್ಡಗೀಟು ಎಳೆದಳು.

"ಹಲಗಿ ನೋಡಿ ಬರಿ ಅಂದ್ರ ಏನ್ ಬರ್ಯಾಕತ್ತಿ? ಹಕ್ಕಿ ಗೂಡು ಕಟ್ಟೋದಿಲ್ಲಂತ! ಮತ್ತ ನಿಮ್ಮಪ್ಪನ ಕುರಿ ಕಟ್ತಾವೇನ?"

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಖರೇನೇ ಅದಾವ್ರಿ ಟೀಚರ್. ಶಾಲಿ ಹಿಂದೇನೇ ಅದಾವ, ಬರ್ರಿ ತೋರಸ್ತೀನಿ."

"ಸುಮ್ಮ ಕುಂದರ."

ಮೂರು ವಾರ ಕಳೆದು, ಮುಂಚೆ ತಿಳಿಸದೆ, ಶಾಲೆಯ ತಪಾಸಣೆಗೆ ಸಾಹೇಬರಾದ ಹಬೀಬ್ ಸರ್ ಬಂದರು. ಒಂದೊಂದೇ ಹಾಳೆ ತಿರುವುತ್ತಿದ್ದಂತೆ ಅವರ ಮೀಸೆ ನಗೆಗೆ ಕುಣಿಯತೊಡಗಿತು.

"ಏನ್ರಿ ಟೀಚರ್, ಇಪ್ಪತ್ತೆರಡು ಮಂದಿಗೂ ಒಂದೇ ನವಿಲು, ಒಂದೇ ಜಾಲಿಗಿಡದಾಗ ಕಂಡದ! ಅದರ ಹಾಜರೀನೂ ತಗೊಂಡೀರೇನ್ರಿ?"

ಆಮೇಲೆ ಸಾಕ್ಷಿಯ ಹಾಳೆ ಕೈಗೆ ಬಂತು. ನಗು ನಿಂತಿತು. ಅಲಮಾರಿಯಿಂದ ಹಕ್ಕಿಗಳ ಹೊಸ ಪುಸ್ತಕ ತೆಗೆಸಿದರು. ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿರಲಿಲ್ಲ. ತಾವೇ ಹರಿದು, ಹುಡುಕಿ, ಬೆರಳಿಟ್ಟು ತೋರಿಸಿದರು. ಟಿಟವಿಯ ಚಿತ್ರ, ಕೆಳಗೆ ಸಾಕ್ಷಿ ಬರೆದದ್ದೇ ಮಾತು.

"ಈ ಗೀಟು ಯಾರು ಎಳದಾರ್ರಿ?"

ರತ್ನಮಾಲಾಳ ಬಾಯಿಂದ ಜಾರಿಯೇ ಹೋಯಿತು: "ಹುಡುಗೂರೇ ಒಬ್ಬರದೊಬ್ಬರು ತಿದ್ದ್ಯಾರ್ರಿ ಸರ್."

ಇಪ್ಪತ್ತಮೂರು ಜೋಡಿ ಕಣ್ಣು ಆಕೆಯತ್ತ ತಿರುಗಿದವು. ಯಾರಾದರೂ ಸುಳ್ಳೆಂದು ಕೂಗಿದ್ದರೇ ಚೆನ್ನಾಗಿತ್ತು.

ಸಂಜೆ ಬಸ್ಸಿನ ಕಿಟಕಿಯಾಚೆ ಹೊಲಗಳು ಓಡುತ್ತಿದ್ದವು. ಚಿಕ್ಕಂದಿನಲ್ಲಿ, ತವರೂರು ಕೊಹಿನೂರದಲ್ಲಿ, ಅವ್ವ ದ್ರೌಪತಿ ಕೂಲಿಗೆ ಹೋಗುವಾಗ ರತ್ನಮಾಲಾಳೂ ಸೆರಗು ಹಿಡಿದು ಹೋಗುತ್ತಿದ್ದಳು. ಹೊಲದ ಕಳೆ-ಕಸ ತೆಗೆಯುವಾಗ ಮಚ್ಚೆಯ ತತ್ತಿ ಕಂಡರೆ ಅವ್ವನ ಕೈ ಅಲ್ಲೇ ನಿಲ್ಲುತ್ತಿತ್ತು. ಸುತ್ತ ಒಂದು ಮೊಳ ಕಸ ಹಾಗೇ ಬಿಟ್ಟು, "ಟಿಟವಿ ಬಾಣಂತನ ನಡದದ, ಸರದು ನಡಿಯವ್ವಾ" ಅನ್ನುತ್ತಿದ್ದಳು.

ಗೊತ್ತಿತ್ತು. ಎಲ್ಲ ಗೊತ್ತಿತ್ತು. ಹೊಲದ ಮಾತು ಶಾಲೆಯ ಹಾಳೆಗೆ ಬಂದರೆ ತಾನು ಕೂಲಿಯವಳ ಮಗಳೆಂಬುದು ಎಲ್ಲರಿಗೂ ಕಂಡೀತೆಂದು, ಅವ್ವನ ಮಾತಿನ ಮೇಲೇ ಗೀಟು ಎಳೆದಿದ್ದಳು. ಹುಮನಾಬಾದ ಬರುವವರೆಗೂ ಸೆರಗು ಮುಖದಿಂದ ಸರಿಯಲಿಲ್ಲ.

ಮರುದಿನ ಪ್ರಾರ್ಥನೆ ಮುಗಿದದ್ದೇ ಮಕ್ಕಳೆದುರು ನಿಂತಳು.

"ಗೀಟು ನಾನೇ ಎಳದಿದ್ದೆ. ಸರ್ ಮುಂದ ನಿಮ್ಮ ಮ್ಯಾಲೆ ಹಾಕ್ದೆ. ಅವರಿಗೂ ಫೋನ್ ಮಾಡಿ ಹೇಳೀನಿ. ಸಾಕ್ಷಿ, ನಿಂದೇ ಖರೇ ಇತ್ತವ್ವಾ. ನಡಿ, ತತ್ತಿ ತೋರಸು."

ಸಾಕ್ಷಿ ಹೆಬ್ಬೆರಳಿನಿಂದ ಮಣ್ಣು ಕೆದರಿದಳು.

"ಈಗಿಲ್ರಿ ಟೀಚರ್. ಮರಿ ಆಗಿ ಓಡಿ ಹೋದವು. ಅವತ್ತೇ ಬರ್ರಿ ಅಂದಿದ್ನಲ್ರಿ."

ಆದರೂ ಹೋದರು. ಹಕ್ಕಿಗಳ ಪುಸ್ತಕ ಸಾಕ್ಷಿಯ ಕಂಕುಳಲ್ಲಿತ್ತು. ಶಾಲೆಯ ಹಿಂದೆ ಬರೀ ಹರಳುಗಲ್ಲು, ನಡುವೆ ತತ್ತಿಯಿದ್ದ ಅಂಗೈಯಷ್ಟು ತಗ್ಗು. ರತ್ನಮಾಲಾ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ದೂರದಲ್ಲೆಲ್ಲೋ ಟಿಟವಿ ಚೀರಿತು. ಮಕ್ಕಳೆಲ್ಲ ತಲೆ ಎತ್ತಿ ಹುಡುಕಿದರು. ಆಕೆ ಎತ್ತಲಿಲ್ಲ.