ಮೊಮ್ಮಗಳ ಪಟ್ಟಿಗೆ ನನ್ನ ಹಾಜರಿ

ರೋಗ ಮೊಮ್ಮಗಳಿಗಲ್ಲ, ನನಗೆ! ಡಾಕ್ಟರು ಹಾಗೆಂದಾಗ ಹಿಗ್ಗಿಗೆ ನಾನು ಅವರ ಎರಡೂ ಕೈ ಹಿಡಿದುಬಿಟ್ಟೆ. ತನ್ನ ಎದೆಬಡಿತ ಲಯ ತಪ್ಪಿದೆ ಎಂದು ಕೇಳಿ ಇಷ್ಟೊಂದು ನಕ್ಕ ಮುದುಕಿಯನ್ನು ಪಾಪ ಅವರು ಎಲ್ಲಿ ಕಂಡಿರಬೇಕು! ತಲೆಗೂ ಒಂದು ಪರೀಕ್ಷೆ ಬರೆಯಬೇಕೇನೋ ಎಂಬಂತೆ ನನ್ನ ಮಗನ ಮುಖ ನೋಡಿದರು.

ಮೊಮ್ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ಅಲ್ಲೊಂದು ಸಂಶೋಧನೆ ಶುರುವಾಗಿತ್ತು. ಓದುವ ಮಕ್ಕಳು ಸುಖವಾಗಿದ್ದಾರೋ ಇಲ್ಲವೋ ಯಂತ್ರದಿಂದ ತಿಳಿದುಕೊಳ್ಳುವುದಂತೆ. ಮಕ್ಕಳನ್ನೇ ಕೇಳಬಹುದಿತ್ತಲ್ಲ ಎನ್ನಬೇಡಿ. ಕೇಳಿದರೆ ಅವರು ಹೇಳುವುದನ್ನು ಕೂತು ಆಲಿಸಬೇಕಾಗುತ್ತದೆ. ಕೈಗೊಂದು ಪಟ್ಟಿ ಕಟ್ಟಿದರೆ ಆ ಕಷ್ಟವಿಲ್ಲ. ಹೀಗಾಗಿ ಮಕ್ಕಳ ಕೈಗೆಲ್ಲ ಒಂದೊಂದು ಕರಿ ರಬ್ಬರಿನ ಪಟ್ಟಿ ಬಂತು. ನೋಡಲು ಗಡಿಯಾರ, ಗಂಟೆ ಮಾತ್ರ ತೋರಿಸದು. ಒಳಗಡೆ ಹಸಿರು ದೀಪ. ನಿದ್ದೆ, ನಾಡಿ, ಓಡಾಟ ಎಲ್ಲವನ್ನೂ ಅಳೆದು ಕಾಲೇಜಿಗೆ ಚಾಡಿ ಹೇಳುವುದು ಅದರ ಕೆಲಸ.

ವಾರದೊಳಗೆ ಹುಡುಗಿಯ ಮಣಿಕಟ್ಟು ಕೆಂಪಾಗಿ ತುರಿಸತೊಡಗಿತು. ಮಲಗುವಾಗ ಬಿಚ್ಚಿಟ್ಟಳು. ಮರುದಿನವೇ ಮೊಬೈಲಿಗೆ ಪ್ರಶ್ನೆ: ನಿನ್ನೆ ಪಟ್ಟಿ ಏಕೆ ಕಟ್ಟಿರಲಿಲ್ಲ? ಅವಳ ಮುಖ ಸಣ್ಣದಾಯಿತು.

ನಾನು ಓದಿದ್ದು ಮೂರನೇ ಇಯತ್ತೆ. ಆದರೆ ಗೆಳತಿ ಬಾರದ ದಿನ ದನಿ ಬದಲಿಸಿ ಅವಳ ಹೆಸರಿಗೂ "ಹಾಜರ್ ರೀ" ಎನ್ನುವುದರಲ್ಲಿ ನಮ್ಮ ಶಾಲೆಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಆ ವಿದ್ಯೆ ಈಗ ಉಪಯೋಗಕ್ಕೆ ಬಂತು. ಅವಳು ಬಿಚ್ಚಿಟ್ಟ ಪಟ್ಟಿಯನ್ನು ದಿನಾಲು ನಾನು ಕಟ್ಟಿಕೊಂಡು ಮಲಗಿದೆ. ಬೆಳಿಗ್ಗೆ ಐದಕ್ಕೆ ಎಲ್ಲರ ಡಬ್ಬಿಗೆ ಜೋಳದ ರೊಟ್ಟಿ ಬಡಿದು ಮುಗಿಸಿ, ಅವಳು ಏಳುವ ಮೊದಲು ಇದ್ದ ಜಾಗದಲ್ಲಿ ಇಟ್ಟುಬಿಡುತ್ತಿದ್ದೆ. ಪ್ರಶ್ನೆಗಳು ನಿಂತವು. ಯಂತ್ರಕ್ಕೆ ಕರುಣೆ ಬಂತೆಂದು ಹುಡುಗಿ ತಿಳಿದಳು.

ಮೂರು ವಾರದ ಮೇಲೆ ಕಾಲೇಜಿನಿಂದ ಕರೆ ಬಂತು. ಸೊಸೆಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಮಗ ಅಂಗಡಿಯ ಬಾಗಿಲು ಹಾಕಿ ಹೊರಟ. ನಾನೂ ಹಠ ಹಿಡಿದು ಹೋದೆ. ಸಂಶೋಧನೆಯ ಮೇಡಂ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಗೆರೆ ತೋರಿಸಿದರು. ಈ ಊರಿನ ಮಾತಾದ ಮರಾಠಿಯಲ್ಲಿ ಅವರು ಹೇಳಿದ್ದಿಷ್ಟು: ಹುಡುಗಿಗೆ ನಿದ್ದೆ ನಾಲ್ಕೇ ತಾಸು. ಬೆಳಗಿನ ಐದಕ್ಕೆ ಅರ್ಧ ತಾಸು ಕೈ ವಿಪರೀತ ನಡುಗುತ್ತದೆ. ನಾಡಿಯೂ ಸರಿಯಿಲ್ಲ. ಮನಸ್ಸಿನ ಮೇಲೆ ಒತ್ತಡ ಭಾಳ. ಈ ಸಲ ಪರೀಕ್ಷೆ ಬಿಟ್ಟು ವಿಶ್ರಾಂತಿ ತೆಗೆದುಕೊಳ್ಳಲಿ.

ಐದು ಗಂಟೆಗೆ ತಾನು ಮಲಗಿರುತ್ತೇನೆ ಎಂದಳು ಹುಡುಗಿ. ಮೇಡಂ ಕನಿಕರದಿಂದ ತಲೆಯಾಡಿಸಿ, ಒಪ್ಪಿಕೊಳ್ಳುತ್ತಿಲ್ಲ ಎಂದು ಬರೆದುಕೊಂಡರು. ಹಿಂದಿನ ದಿನವಷ್ಟೇ ಮಗಳು ನಾಲ್ಕು ರೊಟ್ಟಿ ತಿಂದದ್ದನ್ನು ಕಂಡಿದ್ದ ನನ್ನ ಮಗ, ಈಗ ಅವಳನ್ನು ಗಾಜಿನ ಲೋಟದಂತೆ ನೋಡತೊಡಗಿದ.

"ಪರೀಕ್ಷಾ ಬಿಡೂದಿಲ್ಲ ಪಪ್ಪಾ, ವರ್ಷಾ ಪೂರ್ತಿ ಓದೀನಿ," ಎಂದು ಅವಳು ಅತ್ತೇಬಿಟ್ಟಳು.

ಇನ್ನು ಬಾಯಿ ಮುಚ್ಚಿಕೊಂಡಿರುವುದು ನನ್ನಿಂದಾಗಲಿಲ್ಲ. "ಅದು ನಡುಕ ಅಲ್ಲರೀ ಮೇಡಂ, ಭಾಕರಿ!" ಎಂದು ನನ್ನ ಮರಾಠಿಯಲ್ಲಿ ಹೇಳಿ, ರೊಟ್ಟಿ ಹೇಗೆ ಬಡಿಯುವುದೆಂದು ಅವರ ಮೇಜಿನ ಮೇಲೆಯೇ ತೋರಿಸಿದೆ. ಪೆನ್ನುಗಳು ಕುಣಿದವು.

"ಆಜೀ, ತುಮ್ಹೀ?" ಎಂದರು ಮೇಡಂ.

"ಅವ್ವಾ, ನೀನ?" ಎಂದ ಮಗ.

ಇಡೀ ಸಂಶೋಧನೆ ಒಂದು ರೊಟ್ಟಿಯ ಮುಂದೆ ಮಣ್ಣುಗೂಡಿತೆಂದು ನಾನು ಬೀಗುತ್ತಿದ್ದೆ. ಆದರೆ ಮೇಡಂ ಮತ್ತೆ ಗೆರೆ ನೋಡಿದರು. ರೊಟ್ಟಿ ಸರಿ, ಮಲಗಿದಾಗಲೂ ಈ ನಾಡಿ ಎಡವುತ್ತಿದೆಯಲ್ಲ, ಇದು ಯಾರದು? ಮೂವರೂ ನನ್ನತ್ತ ತಿರುಗಿದರು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ನನ್ನ, ಮೊಮ್ಮಗಳ ಇಬ್ಬರ ಎದೆಗೂ ವೈರು ಅಂಟಿಸಿದರು. ಅವಳದು ಚೊಕ್ಕ. ನನ್ನದಕ್ಕೆ ದಿನಕ್ಕೊಂದು ಗುಳಿಗೆ, ತಿಂಗಳಿಗೊಮ್ಮೆ ತಪಾಸಣೆ, ಊಟದಲ್ಲಿ ಉಪ್ಪು ಕಡಿಮೆ. ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಆ ಚಾಡಿಕೋರ ಪಟ್ಟಿಗೆ ನಾನು ಋಣಿಯಾಗಿರಬೇಕಂತೆ! ಇರಲಿ, ಆದೆ. ಹುಡುಗಿ ಪರೀಕ್ಷೆಗೆ ಕೂಡಬಹುದು ಎಂದು ಮೇಡಂ ಫೋನು ಮಾಡಿದಾಗ ಅವರಿಗೂ ನೂರು ವರ್ಷ ಆಯುಸ್ಸು ಹರಸಿದೆ.

ಸಂಜೆ ರೊಟ್ಟಿ ಬಡಿಯಲು ಎದ್ದರೆ ಸೊಸೆ ಬಿಡಲಿಲ್ಲ. "ಕೂಡ್ರಿ ಅತ್ತೀ, ಇವತ್ತ ನಿಮಗ ಗೈರಹಾಜರಿ," ಎಂದಳು. ಅವಳ ರೊಟ್ಟಿ ನಕಾಶೆಯಂತೆ ಮೂಲೆ ಮೂಲೆಯಾಗಿತ್ತು. ನಾನು ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡೆ. ಹೃದಯದ ರೋಗಿ ಮಾತು ಕಡಿಮೆ ಮಾಡಬೇಕು.

"ಅಜ್ಜಿ, ನನ್ನ ಪೇಪರೂ ನೀನ ಬರೀತಿದ್ದಿ ಏನ?" ಎಂದಳು ಮೊಮ್ಮಗಳು.

"ಮೂರನೇ ಇಯತ್ತೇದ್ದು ಇದ್ರ ಹೇಳವ್ವಾ, ಬರದ ಬರ್ತೀನಿ."

ಮಗ ನೀರು ಕುಡಿಯುತ್ತಿದ್ದವನು ನಕ್ಕು ಕೆಮ್ಮಿದ. ಹುಡುಗಿ ಪಟ್ಟಿಯಿಲ್ಲದ ಬರಿಗೈ ಚಾಚಿ ನನ್ನ ತಾಟಿನಿಂದ ಶೇಂಗಾ ಚಟ್ನಿ ಎತ್ತಿಕೊಂಡಳು, ಅದರಲ್ಲಿ ಉಪ್ಪಿದೆಯಂತೆ. ಸೊಸೆಯೂ ಒಲೆ ಆರಿಸಿ ನಮ್ಮೊಡನೆ ಬಂದು ಕೂತಳು. ಹುಡುಗಿ ಆಗಲೇ ಐದನೆಯ ರೊಟ್ಟಿ ಮುರಿಯುತ್ತಿದ್ದಳು.