ಮೂರನೇ ಏರಿನ ದ್ರಾಕ್ಷಿ

ನನ್ನ ಹೆಂಡತಿಯ ವರ್ಷದ ಎಡೆಗೆ ಏನೇನು ಬೇಕು ಎಂದು ಅವಳ ಅಕ್ಕ ಮರ್ಫಿ ಟೌನಿನಿಂದ ಫೋನ್ ಮಾಡಿ ಬರೆಸಿದರು. ಒಬ್ಬಟ್ಟು, ವಡೆ, ಹುರುಳಿಕಾಳಿನ ಸಾರು, ಹೊಸ ಸೀರೆ. ಕೊನೆಗೆ ಕೇಳಿದರು.

"ಅವ್ಳಿಗೆ ಇಷ್ಟ ಆಗ್ತಿದ್ದಿದ್ದು ಏನಾದ್ರೂ ಬಿಟ್ಟೋಗಿದ್ಯಾ ನೋಡಿ. ಜೊತೇಲಿ ಇದ್ದೋರು ನೀವು."

"ದ್ರಾಕ್ಷಿ" ಎಂದೆ.

"ಅದೇನ್ ಮಹಾ. ಶಿವಾಜಿನಗರದಲ್ಲಿ ರಾಶಿ ಹಾಕಿರ್ತಾರೆ."

ಆ ದ್ರಾಕ್ಷಿಯಲ್ಲ. ನಾನು ಹೇಳಿದ್ದು ವೈನ್ ಮಾಡುವ ದ್ರಾಕ್ಷಿ. ಕಾಳು ಸಣ್ಣದು, ಸಿಪ್ಪೆ ದಪ್ಪ, ಬಾಯಿ ತುಂಬ ಬೀಜ. ತೋಟದಿಂದ ನೇರ ಫ್ಯಾಕ್ಟರಿಗೆ ಹೋಗುವ ಮಾಲು, ಅಂಗಡಿಗೆ ಬರುವುದಿಲ್ಲ. ಗೊತ್ತಿದ್ದರೂ, ಮರುದಿನ ಲೋಡ್ ಇಳಿಸಲು ಶಿವಾಜಿನಗರಕ್ಕೆ ಹೋದವನು ಹಣ್ಣಿನ ವ್ಯಾಪಾರಿಯೊಬ್ಬನನ್ನು ವಿಚಾರಿಸಿದೆ.

"ಅರೆ ಭಾಯ್, ಅದು ಕುಡಿಯೋ ಮಾಲು, ತಿನ್ನೋದಲ್ಲ. ಯಾರಿಗೆ?"

"ಮನೆಯವ್ರಿಗೆ."

"ಮನೆಯವ್ರಿಗೆ ಒಳ್ಳೇದ್ ತಗೊಂಡೋಗಿ, ಬೀಜ ಇಲ್ದಿರೋದು. ಖುಷಿ ಆಗ್ತಾರೆ."

ನಾನು ತಲೆಯಾಡಿಸಿ ಬಂದೆ.

ನನ್ನದು ಗೂಡ್ಸ್ ಗಾಡಿ. ವಾರಪೂರ್ತಿ ಕೆ.ಆರ್. ಪುರದ ಸೇತುವೆ, ಹಲಸೂರು, ಇಂದಿರಾನಗರ ಎಂದು ಹೊಗೆಯಲ್ಲಿ ತೆವಳುವುದೇ ಕೆಲಸ. ಅವಳು ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನಲವತ್ತು ದಾಟಿದ ಮೇಲೆ ಸೈಕಲ್ ಕಲಿಯುವ ಆಸೆ ಬಂತು. ಕಲಿತಳು ಕೂಡ, ಬೆಳಗಿನ ಜಾವ ಮನೆಯ ಮುಂದಿನ ರಸ್ತೆಯಲ್ಲಿ. ಆದರೆ ಹಿಂದೆ ಒಂದು ಬಸ್ಸಿನ ಸದ್ದು ಕೇಳಿದರೂ ಕಾಲು ಊರಿ ನಿಂತುಬಿಡುತ್ತಿದ್ದಳು. ಬೆನ್ಸನ್ ಟೌನಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಹಿರಿಯರೊಬ್ಬರ ಸಾಮಾನು ಸಾಗಿಸಿದಾಗ, ದಪ್ಪ ಟೈರಿನ ಎರಡು ಹಳೇ ಸೈಕಲ್ಲುಗಳನ್ನು ಅವರು ನನಗೆ ಕೊಟ್ಟುಬಿಟ್ಟರು. ಇವನ್ನು ಎಲ್ಲಿ ಓಡಿಸುವುದು ಎಂದು ಅವರನ್ನೇ ಕೇಳಿದೆ. ನಂದಿ ಬೆಟ್ಟದ ಆಚೆ ಮಗ್ಗುಲಿನ ತೋಟಗಳ ನಡುವೆ ಒಂದು ಗರಸಿನ ದಾರಿ ಇದೆ, ಅಲ್ಲಿ ಯಾರೂ ಬರುವುದಿಲ್ಲ ಎಂದರು.

ಅಲ್ಲಿಂದ ಎರಡು ವರ್ಷ, ಭಾನುವಾರ ಬಂತೆಂದರೆ ಗಾಡಿಗೆ ಸೈಕಲ್ ಹೇರಿ ಹೊರಡುತ್ತಿದ್ದೆವು. ಕೆರೆ ಏರಿಯ ಕೆಳಗೆ ಗಾಡಿ ನಿಲ್ಲಿಸಿದರೆ ಮುಂದೆ ಬಸ್ಸಿಲ್ಲ, ಲಾರಿಯಿಲ್ಲ. ಎರಡೂ ಕಡೆ ಕಲ್ಲುಕಂಬ, ತಂತಿ, ತಂತಿಯ ಮೇಲೆ ದ್ರಾಕ್ಷಿ ಬಳ್ಳಿ. ಚಕ್ರದ ಕೆಳಗೆ ಸಣ್ಣ ಕಲ್ಲು ಕರಕರ ಎನ್ನುತ್ತಿತ್ತು. ಟೈರಿನ ಗಾಳಿ ತುಸು ಇಳಿಸಿದರೆ ಚಕ್ರ ಗರಸನ್ನು ಹಿಡಿಯುತ್ತದೆ, ಜಾರುವುದಿಲ್ಲ. ಆ ಕೆಲಸ ಅವಳದು. ಕಲಸಿದ ಹಿಟ್ಟು ನೋಡುವ ಹಾಗೆ ಹೆಬ್ಬೆರಳಿನಿಂದ ಒತ್ತಿ, "ಸಾಕು, ಹದವಾಗಿದೆ" ಎನ್ನುತ್ತಿದ್ದಳು. ಹೊರಡುವಾಗ ಅಭ್ಯಾಸದಿಂದ ನನ್ನ ಹೆಬ್ಬೆರಳು ಬೆಲ್ಲಿನ ಮೇಲೆ ಹೋದರೆ ನಗುತ್ತಿದ್ದಳು. "ಯಾರಿಗ್ರೀ ಹಾರನ್ನು, ನವಿಲಿಗಾ?"

ದಾರಿಯಲ್ಲಿ ಮೂರು ಏರು. ಮೂರನೆಯದು ಉದ್ದ. ಅದರ ನಡುವೆ ತೋಟದ ಕಾವಲಿನವಳ ಶೆಡ್ಡು. ತನ್ನ ಕೊನೆಯ ಚಳಿಗಾಲದಲ್ಲಿ ನನ್ನ ಹೆಂಡತಿ ಪ್ರತಿ ಸಲವೂ ಆ ಶೆಡ್ಡಿನ ಹತ್ತಿರ ಇಳಿದುಬಿಡುತ್ತಿದ್ದಳು. "ನೀವು ಹೋಗ್ತಿರಿ, ಒಂದ್ ಗೊಂಚಲು ದ್ರಾಕ್ಷಿ ಕೇಳ್ಕೊಂಡು ಬರ್ತೀನಿ." ನಾನು ಏರಿನ ತುದಿಯ ಹುಣಸೆಮರದ ಕೆಳಗೆ ಕಾಯುತ್ತಿದ್ದೆ. ಅಲ್ಲಿಂದ ನೋಡಿದರೆ ಅವಳು ಕಲ್ಲುಕಂಬಕ್ಕೆ ಒರಗಿ ಮಾತಾಡುತ್ತ ನಿಂತಿರುತ್ತಿದ್ದಳು. "ಬೇಗ ಬಾರೇ, ಬಿಸಿಲಾಯ್ತು" ಎಂದು ಕೂಗುತ್ತಿದ್ದೆ. ನಿಧಾನಕ್ಕೆ ಸೈಕಲ್ ತಳ್ಳಿಕೊಂಡು ಬಂದು, ನನ್ನ ಪಾಲೆಂದು ನಾಲ್ಕು ಕಾಳು ಕೊಡುತ್ತಿದ್ದಳು. "ನಂದು ಅಲ್ಲೇ ಆಯ್ತು." ಕಾಯಿ ಇನ್ನೂ ಹಸಿರಾಗಿದ್ದಾಗಲೂ ಹೀಗೇ. ಬಾಯಿಗಿಟ್ಟರೆ ಹಲ್ಲು ಚುಳ್ಳೆನ್ನುವ ಹುಳಿ. "ಏನೇ, ಈ ವಯಸ್ಸಲ್ಲಿ ಬಯಕೆನಾ?" ಎಂದು ರೇಗಿಸಿದೆ. "ಹೂಂ, ತೊಟ್ಟಿಲು ರೆಡಿ ಮಾಡಿ" ಎಂದಳು.

ಶಿವರಾತ್ರಿ ಕಳೆದು ವಾರಕ್ಕೆ ಮನೆಯ ಮೆಟ್ಟಿಲಲ್ಲಿ ಕುಸಿದಳು. ಹೃದಯದ ಕವಾಟ ಕೆಟ್ಟಿದೆ ಎಂದರು. ಏದುಸಿರು ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದಾಗ ಉತ್ತರ ಕೊಟ್ಟವನು ನಾನು. "ಅಂಥದ್ದೇನಿಲ್ಲ ಸಾರ್. ಇವ್ಳು ಗುಡ್ಡದಲ್ಲಿ ಸೈಕಲ್ ತುಳೀತಾಳೆ." ಹೆಮ್ಮೆಯಿಂದಲೇ ಹೇಳಿದೆ. ಅವಳು ಗೋಡೆಯ ಕಡೆ ನೋಡುತ್ತಿದ್ದಳು. ಹನ್ನೊಂದನೇ ದಿನ ಹೋದಳು.

ಎಡೆಯ ಹಿಂದಿನ ದಿನ ಆ ದಾರಿಗೆ ಹೋದೆ. ವರ್ಷದಿಂದ ಹೋಗಿರಲಿಲ್ಲ. ಕೆರೆಯ ಹತ್ತಿರ ಗಾಡಿಯ ಹಿಂಬಾಗಿಲು ತೆಗೆದಾಗಲೇ ಗೊತ್ತಾದದ್ದು, ಎರಡೂ ಸೈಕಲ್ ಹೇರಿಕೊಂಡು ಬಂದಿದ್ದೇನೆ ಎಂದು. ಅವಳದನ್ನು ಹಾಗೇ ಬಿಟ್ಟು ನನ್ನದನ್ನು ಇಳಿಸಿದೆ. ಮೊದಲ ಏರಿನಲ್ಲೇ ಹಿಂದಿನ ಚಕ್ರ ಜಾರಿತು. ಹಿಂದಿನ ಸಂಜೆ ಹಲಸೂರಿನ ಅಂಗಡಿಯಲ್ಲಿ ಅದೊಂದಕ್ಕೇ ಗಾಳಿ ಗಟ್ಟಿಯಾಗಿ ಹೊಡೆಸಿದ್ದೆ. ಇಳಿಸಬೇಕೆಂಬುದು ನೆನಪಿರಲಿಲ್ಲ. ನಿಂತು, ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದೆ. ಯಾವುದು ಹದ ಎಂದು ತಿಳಿಯಲಿಲ್ಲ.

ಕಾವಲಿನವಳು ರಾಯಚೂರು ಕಡೆಯವಳು. ಕೊಯ್ಲು ಮುಕ್ಕಾಲು ಮುಗಿದಿತ್ತು. ನನ್ನನ್ನು ಕಂಡು ಕೋಳಿಗಳನ್ನು ಆಚೆ ಅಟ್ಟಿ ಬಂದಳು.

"ಎಷ್ಟು ದಿನಾತ್ರೀ ಅಣ್ಣಾರ! ಅಕ್ಕಾರು ಹಿಂದ ಉಳಿದಾರೇನ್ರಿ?"

ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಾಗೇ ಕುಳಿತುಬಿಟ್ಟಳು. ನಾನು ಬಂದ ಕೆಲಸ ಹೇಳಿದೆ. ನಾಳೆ ಎಡೆ, ಅವಳಿಗೆ ಇಷ್ಟ ಅಂತ ಒಂದು ಗೊಂಚಲು ಬೇಕಿತ್ತು.

"ಯಾರಿಗಿ ಇಷ್ಟ?"

"ಅವ್ಳಿಗೆ. ಪ್ರತಿ ವಾರ ನಿನ್ ಹತ್ರ ಇಸ್ಕೊಂಡು ತಿಂತಿದ್ಲಲ್ಲ."

"ಇಲ್ರೀ ಅಣ್ಣಾರ. ಅಕ್ಕಾರು ಒಂದು ಕಾಳು ಬಾಯಿಗಿ ಹಾಕ್ಲಿಲ್ಲ. ನನ್ನ ಕೋಳಿಗಿ ಹಾಕ್ತಿದ್ರು." ಅವಳು ನನ್ನ ಮುಖ ನೋಡಿ ತಡೆದಳು. ಆಮೇಲೆ ಹೇಳಿಯೇಬಿಟ್ಟಳು. "ದಮ್ಮು ಹತ್ತತಿತ್ರೀ. ಈ ಕಂಬ ಹಿಡಕೊಂಡು ನಿಂದರ್ತಿದ್ರು, ಮಾತು ಸೈತ ಬರ್ತಿದ್ದಿಲ್ಲ. ನಿಮಗ ಹೇಳ್ತೀನಿ ಅಂದ್ರ ಕೈ ಮಾಡಿ ಬ್ಯಾಡ ಅಂತಿದ್ರು. ಅವರು ವಾರ ಎಲ್ಲಾ ಗಾಡಿ ಹೊಡೀತಾರ, ಇದೊಂದು ದಿನ ನಗ್ತಾರ, ಇದನ್ನ ಕೆಡಸಬ್ಯಾಡ ಅಂತ."

ಅವಳು ತಪ್ಪು ಮಾಡಿದವಳ ಹಾಗೆ ಎದ್ದು ಸಾಲಿನೊಳಗೆ ಹೋದಳು. ನಾನು ಕಂಬದ ಹತ್ತಿರ ನಿಂತೆ. ಅಲ್ಲಿಂದ ತುದಿಯ ಹುಣಸೆಮರ ಚೆನ್ನಾಗಿ ಕಾಣುತ್ತದೆ. ಅದರ ಕೆಳಗೆ ನಿಂತವನು ಕೂಗಿದರೆ ಚೆನ್ನಾಗಿ ಕೇಳಿಸುತ್ತದೆ. ಆ ತುದಿಯಿಂದ ನನಗೆ ಮಾತ್ರ ಇದೇನೂ ಕಂಡಿರಲಿಲ್ಲ. ನೂರು ಹೆಜ್ಜೆಯೂ ಇಲ್ಲದ ದೂರ ಅದು.

ಕಾವಲಿನವಳು ಎರಡು ಗೊಂಚಲು ತಂದು ಕೊಟ್ಟಳು. ಚೀಲಕ್ಕೆ ಹಾಕಿಕೊಂಡೆ. ಆ ದಿನ ಮೂರನೇ ಏರಿನ ತುದಿಗೆ ನಾನು ಹೋಗಲಿಲ್ಲ. ಅಲ್ಲಿಂದಲೇ ಸೈಕಲ್ ತಿರುಗಿಸಿ ತಳ್ಳಿಕೊಂಡು ಇಳಿದೆ.

ಮರುದಿನ ಮನೆ ತುಂಬ ಜನ. ಅವಳ ಫೋಟೋ ಮುಂದೆ ಎಲೆ ಹಾಕಿ ಎಲ್ಲ ಬಡಿಸಿದ ಮೇಲೆ ಅಕ್ಕ ಕೇಳಿದರು. "ಎಲ್ಲಿ ನಿಮ್ ದ್ರಾಕ್ಷಿ?" ಅವಳು ತಿನ್ನದ ಹಣ್ಣನ್ನು ಎಲೆಗೆ ಇಡುವುದು ಹೇಗೆ? ಚೀಲ ಹಿಡಿದುಕೊಂಡು ನಿಂತೇ ಇದ್ದೆ. ಕೊನೆಗೆ ಗೊಂಚಲುಗಳನ್ನು ಎಲೆಯ ಮೇಲಿಡದೆ, ಅವಳು ಹೊಲಿಗೆಗೆ ಕೂರುತ್ತಿದ್ದ ಮಣೆಯನ್ನು ಗೋಡೆಗೆ ಆನಿಸಿ ಹಾಕಿ, ಅದರ ಪಕ್ಕ ಇಟ್ಟೆ. ಒರಗಿಕೊಳ್ಳಲು ಒಂದು ಜಾಗ ಇರಲಿ ಎಂದು. ಅಕ್ಕ ವಿಚಿತ್ರವಾಗಿ ನೋಡಿದರು.

ಎಡೆಯಿಟ್ಟ ಮೇಲೆ ಹೋದವರು ಬಂದು ಉಣ್ಣಲೆಂದು ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂರುವುದು ನಮ್ಮಲ್ಲಿ ಪದ್ಧತಿ. ಮೆಟ್ಟಿಲ ಮೇಲೆ ಕುಳಿತೆವು. ರಸ್ತೆಯಲ್ಲಿ ಆಟೋಗಳ ಹಾರನ್ನು, ಯಾರದೋ ಮನೆಯ ಟಿವಿ. ಮಕ್ಕಳು ಹಸಿವೆಂದು ಗೊಣಗಲು ಶುರು ಮಾಡಿದವು. ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಆಯ್ತಲ್ಲ, ಬಾಗಿಲು ತೆಗೀಲಾ?"

"ಬೇಡಕ್ಕಾ, ಇನ್ನೂ ಸ್ವಲ್ಪ ಹೊತ್ತು ಇರ್ಲಿ" ಎಂದೆ. "ನಿಧಾನಕ್ಕೆ ಬರ್ಲಿ."