ಎಲ್ಲ ತೂಕಕ್ಕೂ ಒಂದೇ ನಿಲುವಂಗಿ

ಕಡಲ ದಡದ ಬಾಕ್ಸರುಗಳ ಕೇರಿ ಬುಕೊಮಿನಲ್ಲಿ ಗಂಡಸರ ತೂಕವನ್ನು ಎರಡು ಕಡೆ ನೋಡುತ್ತಾರೆ. ಮೈಯ ತೂಕ ಬಾಕ್ಸಿಂಗ್ ಕಣದಲ್ಲಿ, ಮಾತಿನ ತೂಕ ಲಾಂಟೆಯ ಕ್ಷೌರದಂಗಡಿಯ ಮುಂದಿನ ಬೆಂಚಿನಲ್ಲಿ. ದರ್ಜಿ ಅಯಿಕ್ವೇಯಿ ಎರಡು ಕಡೆಯೂ ನೊಣದ ತೂಕದವನು. ಹರೆಯದಲ್ಲಿ ನಾಲ್ಕು ಸಲ ಕಣಕ್ಕಿಳಿದು ನಾಲ್ಕು ಸಲವೂ ಸೋತಿದ್ದ. ಕೊನೆಯ ಸಲ ಹರಿದ ಚಡ್ಡಿಯನ್ನು ಮೂಲೆಯಲ್ಲಿ ಕೂತು ತಾನೇ ಹೊಲಿದುಕೊಳ್ಳುತ್ತಿದ್ದುದನ್ನು ಕಂಡ ತರಬೇತುದಾರ, "ಮಗಾ, ನಿನ್ನ ಕೈಯಲ್ಲಿ ಕಲೆ ಇದೆ ಕಣೋ. ಆದ್ರೆ ಮುಷ್ಟಿ ಬಿಚ್ಚಿದಾಗ ಮಾತ್ರ" ಎಂದಿದ್ದ.

ಅವತ್ತು ಬಿಚ್ಚಿದ ಮುಷ್ಟಿಯನ್ನು ಅಯಿಕ್ವೇಯಿ ಮತ್ತೆ ಕಟ್ಟಲಿಲ್ಲ. ಮೂವತ್ತೈದು ವರ್ಷಗಳಿಂದ ಆ ಬೀದಿಯ ಬಾಕ್ಸರುಗಳ ಚಡ್ಡಿ, ನಿಲುವಂಗಿಗಳೆಲ್ಲ ಅವನ ಹೊಲಿಗೆ ಯಂತ್ರದಿಂದಲೇ ಹೊರಬಿದ್ದಿದ್ದವು. ಯಾರ ಎದೆ ಎಷ್ಟು, ಯಾರ ಸೊಂಟ ಎಷ್ಟು ಎಂಬುದೆಲ್ಲ ಅವನ ನೀಲಿ ರಟ್ಟಿನ ಅಳತೆ ಪುಸ್ತಕದಲ್ಲಿತ್ತು. ಆದರೆ ಬೆಂಚಿನ ಮೇಲೆ ಅವನನ್ನು ಕೇಳುವವರಿರಲಿಲ್ಲ. ಅವನ ದನಿ ಸೂಜಿಯ ಕಣ್ಣಿನಲ್ಲಿ ತೂರಿ ಬಂದಷ್ಟು ಸಣ್ಣದು. ಲಾಂಟೆಯದೋ, ಕಡಲಿಗೆ ಹೋದ ದೋಣಿಯನ್ನು ದಡದಿಂದಲೇ ವಾಪಸು ಕರೆಯಬಲ್ಲ ಗಂಟಲು. ಯಾವ ವಾದ ಹುಟ್ಟಿದರೂ ಅಯಿಕ್ವೇಯಿ ಮೂರನೆಯ ಪದಕ್ಕೆ ಬರುವಷ್ಟರಲ್ಲಿ ತೀರ್ಪು ಹೊರಬಿದ್ದಿರುತ್ತಿತ್ತು.

ಆ ವರ್ಷ ಹಳೆಯ ಬಾಕ್ಸರುಗಳ ಸಂಘಕ್ಕೊಂದು ಯೋಚನೆ ಬಂತು. ಹೊಸ ಬೆಳೆಯ ಹೊಮೊವೊ ಹಬ್ಬದ ದಿನ, ತೂಕದ ಭೇದವಿಲ್ಲದೆ, ಬೀದಿ ಕಂಡ ಅತ್ಯುತ್ತಮ ಬಾಕ್ಸರನಿಗೆ ಚಿನ್ನದ ಬಣ್ಣದ ಸ್ಯಾಟಿನ್ ನಿಲುವಂಗಿ ಹೊದಿಸಬೇಕು. ಬಟ್ಟೆ ಅಯಿಕ್ವೇಯಿಯ ಕೈಗೆ ಬಂತು. ಯಾರಿಗೆ ಎಂಬುದನ್ನು ತೀರ್ಮಾನಿಸಲು ಬೆಂಚಿನ ಏಳು ಜನ ನೇಮಕವಾದರು. ಅಯಿಕ್ವೇಯಿಯೂ ಅವರಲ್ಲೊಬ್ಬ. ಜರಡಿ ಹಿಡಿದ ಮೇಲೆ ಎರಡು ಹೆಸರು ಉಳಿದವು. ಒಬ್ಬ ಓಡೊಯಿ, ಬಾಗಿಲಿಗೆ ಅಡ್ಡ ನಿಂತರೆ ಮಧ್ಯಾಹ್ನವೇ ದೀಪ ಹಚ್ಚಬೇಕಾದ ಹೆವಿವೇಟ್, ಈಗ ಮೀನಿನ ಲಾರಿ ಓಡಿಸುತ್ತಾನೆ. ಇನ್ನೊಬ್ಬ ಕ್ಪಾಕ್ಪೊ, ಸೂಜಿಮೆಣಸಿನಂಥ ಫ್ಲೈವೇಟ್. ಹನ್ನೆರಡು ವರ್ಷದ ಹಿಂದೆ ಹೆಂಡತಿಯ ಹಳ್ಳಿಗೆ ಜೋಳ ಬೆಳೆಯಲು ಹೋದವನು ಈ ಕಡೆ ತಲೆ ಹಾಕಿರಲಿಲ್ಲ.

ಕ್ಪಾಕ್ಪೊನೇ ಶ್ರೇಷ್ಠ ಎಂಬುದು ಅಯಿಕ್ವೇಯಿಯ ಮೂವತ್ತು ವರ್ಷದ ನಂಬಿಕೆ. ನಂಬಿಕೆ ಎಷ್ಟು ಗಟ್ಟಿಯೆಂದರೆ, ಒಂದು ಬೆಳಗ್ಗೆ ನೀಲಿ ಪುಸ್ತಕ ತೆರೆದು ಕ್ಪಾಕ್ಪೊನ ಅಳತೆ ನೋಡಿ ಕತ್ತರಿ ಆಡಿಸಿಯೇಬಿಟ್ಟ. ಅಂಗಡಿಯ ಬಾಗಿಲಲ್ಲಿ ಬೇಯಿಸಿದ ಜೋಳದುಂಡೆ ಕೆಂಕೆಯ ಪಾತ್ರೆ ಇಟ್ಟುಕೊಂಡು ವ್ಯಾಪಾರ ಮಾಡುತ್ತಿದ್ದ ಹೆಂಡತಿ ಕೊರ್ಕೊಯಿ ಕತ್ತರಿಯ ಸದ್ದಿಗೆ ಒಳಗೆ ಬಂದಳು.

"ಯಾರಿಗೇಂತ ತೀರ್ಮಾನ ಆಯ್ತಾ?"

"ಆಗುತ್ತೆ."

"ಅಯ್ಯೋ ನಿನ್ನ! ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದೀನಿ. ನೀನು ಬಸುರಿ ಯಾರೂಂತ ಗೊತ್ತಾಗೋಕ್ಮುಂಚೇನೇ ಹೊಲಿದಿದೀಯಲ್ಲಯ್ಯ! ಓಡೊಯಿ ಹೆಸರು ಬಂದ್ರೆ ಇದನ್ನೇನು ಅವನ ಮೊಣಕೈಗೆ ಹಾಕ್ತೀಯಾ?"

"ಬರಲ್ಲ" ಎಂದ ಅಯಿಕ್ವೇಯಿ. ಆದರೆ ಕತ್ತರಿ ನಿಂತಿತ್ತು. ಓಡೊಯಿಯ ಹೆಸರೇ ಬಂದರೆ ಈ ಬಟ್ಟೆ ಹಾಳು, ನಿಲುವಂಗಿ ಬೇರೆ ಬೀದಿಯ ದರ್ಜಿಯ ಪಾಲು, ಬೀದಿಯ ದರ್ಜಿ ಎಂಬ ತನ್ನ ಹೆಸರು ಮಣ್ಣುಪಾಲು.

ಅವನ ಪಾಲಿಗೆ ದೈವ ಬಂದದ್ದು ನಿಷೇಧದ ರೂಪದಲ್ಲಿ. ಹೊಮೊವೊಗೆ ಮುಂಚೆ, ಬಿತ್ತನೆಯಾದ ಮೇಲೆ, ಊರಿನ ಹಿರಿಯರು ಒಂದು ತಿಂಗಳು ಸದ್ದು ನಿಲ್ಲಿಸುತ್ತಾರೆ. ಡೋಲು ಇಲ್ಲ, ಧ್ವನಿವರ್ಧಕ ಇಲ್ಲ. ಜಿಮ್ಮಿನ ಗಂಟೆಗೂ ಬಟ್ಟೆ ಸುತ್ತುತ್ತಾರೆ. ಲಾಂಟೆಯ ಗಂಟಲು ಈ ಪಟ್ಟಿಯಲ್ಲಿ ಸೇರುತ್ತದೋ ಇಲ್ಲವೋ ಎಂಬ ಅನುಮಾನ ಬಹಳ ದಿನ ಇತ್ತು. ಹಿಂದಿನ ವರ್ಷ ಹಿರಿಯರೊಬ್ಬರು ಅಂಗಡಿಗೇ ಬಂದು, ಸೇರುತ್ತದೆ ಎಂದು ಹೇಳಿ ಹೋಗಿದ್ದರು. "ಚರ್ಚೆ ಈ ತಿಂಗಳೇ ಮುಗಿಸೋಣ" ಎಂದು ಅಯಿಕ್ವೇಯಿ ಸೂಚಿಸಿದಾಗ, ಒಳಗಿನ ಲೆಕ್ಕಾಚಾರ ಯಾರಿಗೂ ಹೊಳೆಯಲಿಲ್ಲ.

ಹೀಗೆ ಬುಕೊಮಿನ ಅತಿ ದೊಡ್ಡ ವಾದ ಪಿಸುಮಾತಿನಲ್ಲಿ ನಡೆಯಿತು.

"ಓಡೊಯಿ ಇಪ್ಪತ್ತೆರಡು ಜನರನ್ನ ಮಲಗಿಸಿದಾನೆ" ಎಂದ ಲಾಂಟೆ, ಮುಖ ಊದಿಸಿಕೊಂಡು. ಪಿಸುಗುಟ್ಟಿದಾಗ ಆ ಮಾತು ಇಷ್ಟು ಬಡಕಲಾಗಿ ಕೇಳುತ್ತದೆಂದು ಅವನಿಗೂ ಗೊತ್ತಿರಲಿಲ್ಲ.

"ನಿಜ. ಆದ್ರೆ ಅವನು ಹತ್ತು ಏಟು ತಪ್ಪಿ ಒಂದು ತಾಗಿಸಿದ್ರೂ ಗೆಲ್ತಾನೆ" ಎಂದ ಅಯಿಕ್ವೇಯಿ. "ಗೋಣಿಚೀಲ ಹೊಲಿದ ಹಾಗೆ. ಎಲ್ಲೋ ಒಂದು ಹೊಲಿಗೆ ಗಟ್ಟಿ ಇದ್ರಾಯ್ತು. ಕ್ಪಾಕ್ಪೊಗೆ ಆ ಸುಖ ಇರ್ಲಿಲ್ಲ. ಹನ್ನೆರಡು ಸುತ್ತೂ ಒಂದೊಂದು ಹೊಲಿಗೇನೂ ಗೆರೆ ಮೇಲೇ ಬೀಳ್ಬೇಕು."

ಅಯಿಕ್ವೇಯಿ ತಬ್ಬಿಬ್ಬಾದ. ಇಷ್ಟು ಹೊತ್ತು ಮಾತಾಡಿದರೂ ಯಾರೂ ಅಡ್ಡ ಬಂದಿರಲಿಲ್ಲ.

"ಇಬ್ರನ್ನೂ ಒಂದೇ ಕಣಕ್ಕೆ ಬಿಡು. ಓಡೊಯಿ ಅವನನ್ನ ಜೇಬಲ್ಲಿ ಹಾಕ್ಕೊಂಡು ಮನೆಗೆ ಹೋಗ್ತಾನೆ!" ಲಾಂಟೆಯ ದನಿ ಏರತೊಡಗಿತು. ಬೀದಿಯಲ್ಲಿ ಹಿರಿಯರೊಬ್ಬರು ಹೋಗುತ್ತಿದ್ದರು. ಏರಿದ ದನಿಯನ್ನು ಅವನು ಕೆಮ್ಮಾಗಿ ಇಳಿಸಿದ.

"ಅದಕ್ಕೇ ಅಲ್ವಾ ತೂಕ ಬೇರೆ ಬೇರೆ ಮಾಡಿರೋದು? ನಾವು ಕೇಳ್ತಿರೋದು ಯಾರು ದೊಡ್ಡೋನು ಅಂತಲ್ಲ, ಲಾಂಟೆ. ದೇವರು ಕೊಟ್ಟ ಬಟ್ಟೇಲಿ ಯಾರು ಚೆನ್ನಾಗಿ ಹೊಲಿದ್ರು ಅಂತ."

ಪಕ್ಕದ ದರ್ಜಿ ಅಂಗಡಿಯ ಬಾಗಿಲಿಂದ ಕೊರ್ಕೊಯಿ, "ಕೆಂಕೆ ಉಂಡೆ ತೀರಾ ದೊಡ್ಡದು ಕಟ್ಟಿದ್ರೆ ನಡುವೆ ಹಸೀನೇ ಉಳಿಯುತ್ತೆ ಕಣ್ರಪ್ಪ" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು, ಏಳು ಜನಕ್ಕೂ ಕೇಳುವ ಹಾಗೆ.

ಕೈ ಎತ್ತಿದಾಗ ಕ್ಪಾಕ್ಪೊಗೆ ನಾಲ್ಕು, ಓಡೊಯಿಗೆ ಮೂರು. ಅಯಿಕ್ವೇಯಿಯ ಜೀವಮಾನದ ಮೊದಲ ಗೆಲುವು. ಅದು ಉಳಿದದ್ದು ಸುಮಾರು ಐದು ನಿಮಿಷ. ಕೈಕುಲುಕಲೆಂದು ಅಯಿಕ್ವೇಯಿಯ ಹಿಂದೆಯೇ ಅವನ ಅಂಗಡಿಯೊಳಗೆ ಬಂದ ಲಾಂಟೆ, ಗೂಟಕ್ಕೆ ತೂಗುತ್ತಿದ್ದ ಚಿನ್ನದ ತೋಳುಗಳನ್ನು ನೋಡಿದ.

"ಏನು ಟೈಲರಣ್ಣ, ಈಗ ಐದು ನಿಮಿಷದಲ್ಲಿ ಹೊಲಿದ್ಯಾ?" ತಟ್ಟನೆ ಬೆಂಚಿನ ಎಲ್ಲರೂ ಒಳಗೆ ಬಂದರು. "ನೋಡ್ರಪ್ಪಾ! ಇವನು ಕ್ಪಾಕ್ಪೊ ಪರವಾಗಿ ಮಾತಾಡಿದ್ದಲ್ಲ, ಬಟ್ಟೆ ಪರವಾಗಿ ಮಾತಾಡಿದ್ದು!"

"ಕತ್ತರಿಸಿದ್ದಕ್ಕೆ ನಂಬಿದ್ದಲ್ಲ, ನಂಬಿದ್ದಕ್ಕೆ ಕತ್ತರಿಸಿದ್ದು" ಎಂದ ಅಯಿಕ್ವೇಯಿ. ಅವನ ಬದುಕಿನ ಅತ್ಯುತ್ತಮ ವಾಕ್ಯ ಅದು. ಯಾರೂ ಕೇಳಿಸಿಕೊಳ್ಳಲಿಲ್ಲ. ತೀರ್ಮಾನ ರದ್ದಾಯಿತು. ನಿಷೇಧ ಮುಗಿದ ಮೊದಲ ಶನಿವಾರ, ಬಾಯಿ ಬಿಚ್ಚಿ, ಗಂಟಲು ಬಿಚ್ಚಿ ಮತ್ತೆ ಚರ್ಚೆ. ಲಾಂಟೆ ಅಂದಿನಿಂದಲೇ ಶುಂಠಿ ಅಗಿಯತೊಡಗಿದ.

ಗೆಲುವು ತನ್ನದೇ ಎಂಬ ಧೈರ್ಯದಲ್ಲಿ ಲಾಂಟೆ, ಅಳತೆ ಕೊಡಲು ಓಡೊಯಿಯನ್ನು ಮುಂಚೆಯೇ ಕಳಿಸಿಯೂಬಿಟ್ಟ. ಓಡೊಯಿ ತೋಳು ಚಾಚಿ ನಿಂತ. ಟೇಪು ಎದೆಯ ಸುತ್ತ ಹೊರಟದ್ದು ಬೆನ್ನಿನಲ್ಲೇ ಮುಗಿಯಿತು. ಎರಡನೆಯ ಟೇಪಿಗೆ ತಡಕುತ್ತಿದ್ದಾಗ ಓಡೊಯಿಯ ಕಣ್ಣು ಗೂಟದ ಮೇಲೆ ಬಿತ್ತು.

"ಇದು ಯಾರಿಗೆ? ನನ್ನ ಹೆಬ್ಬೆರಳಿಗಾ?"

ಅಯಿಕ್ವೇಯಿ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. ಕೊನೆಗೆ, "ನಿನ್ನ ಮೇಲೆ ಸಿಟ್ಟಿಲ್ಲಣ್ಣ. ನಿನಗೆ ಕೊಟ್ರೆ ಬೀದಿಯೆಲ್ಲ ಕುಣಿಯುತ್ತೆ. ಆದ್ರೆ ನಾನು ಹೇಳಿದ್ದು ಸುಳ್ಳಲ್ಲ" ಎಂದ.

ನಿಷೇಧ ಇನ್ನೂ ಇತ್ತು. ಓಡೊಯಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕ. ಅಂಗಡಿಯ ತಗಡು ನಡುಗಿತು.

"ಸುಳ್ಳಲ್ಲ ಅಂತ ನನಗೆ ಗೊತ್ತಿಲ್ವಾ? ಒಂದಿನ ಜಿಮ್ಮಲ್ಲಿ ಮುದುಕ ತರಬೇತುದಾರ ನಮ್ಮಿಬ್ರನ್ನೂ ಅಭ್ಯಾಸಕ್ಕೆ ಬಿಟ್ಟಿದ್ದ. ಮೂರು ಸುತ್ತು. ನಾನು ಹಗ್ಗಕ್ಕೆ ಹೊಡೆದೆ, ಕಂಬಕ್ಕೆ ಹೊಡೆದೆ, ಮುದುಕನಿಗೂ ಒಂದು ಬಿತ್ತು. ಕ್ಪಾಕ್ಪೊಗೆ ಒಂದೂ ತಾಗ್ಲಿಲ್ಲ. ಅವನು ಬಂದು ಬಂದು ನನ್ನ ಮೂಗು ಮುಟ್ಟೋನು. ಮುಟ್ಟಿದಾಗೆಲ್ಲ 'ಕ್ಷಮಿಸಣ್ಣ' ಅನ್ನೋನು. ಏಟಿಗಿಂತ ಆ ಕ್ಷಮೇನೇ ನೋವಾಗಿದ್ದು."

"ಮತ್ತೆ ಇಷ್ಟು ವರ್ಷ ಯಾಕಣ್ಣ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಮೂವತ್ತು ವರ್ಷದಿಂದ ಆ ಬೆಂಚಲ್ಲಿ ನಮ್ಮಿಬ್ರಲ್ಲಿ ಯಾರು ಮೇಲೂಂತ ಕಿತ್ತಾಡ್ತಿದೀರಿ. ಒಬ್ಬನಾದ್ರೂ ಬಂದು ನಮ್ಮನ್ನ ಕೇಳಿದೀರಾ?"

ಶನಿವಾರ ಬಂತು. ಡೋಲುಗಳೂ ಬಂದವು, ಲಾಂಟೆಯ ಗಂಟಲೂ ಬಂತು. ಅಯಿಕ್ವೇಯಿ ಎದ್ದು ನಿಂತು ಮೂರನೆಯ ಪದಕ್ಕೆ ಬರುವಷ್ಟರಲ್ಲಿ ಲಾಂಟೆಯ ಬಾಯಲ್ಲಿ ಓಡೊಯಿಯ ಇಪ್ಪತ್ತೆರಡು ಜನರೂ ಬೆಂಚಿನ ಮೇಲೆ ಮತ್ತೊಮ್ಮೆ ಮಲಗಿದ್ದರು. ಆಗ ಲಾರಿ ನಿಲ್ಲಿಸಿ ಇಳಿದ ಓಡೊಯಿ ಒಂದೇ ಸಲ "ಲಾಂಟೆ!" ಎಂದ. ಡೋಲಿನವರೂ ಕೈ ತಡೆದರು. ಮೂರು ಸುತ್ತಿನ ಕಥೆಯನ್ನು ಅವನು ಬೀದಿಯ ಆ ತುದಿಗೆ ಕೇಳುವಂತೆ ಹೇಳಿದ, ಕ್ಷಮಿಸಣ್ಣ ಸಮೇತ. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಏಳಕ್ಕೆ ಏಳೂ ಕೈ ಎದ್ದವು. ಲಾಂಟೆಯದು ಎಲ್ಲಕ್ಕಿಂತ ಎತ್ತರವಾಗಿತ್ತು.

"ಗೆದ್ಯಲ್ಲಯ್ಯ, ಮುಖ ಯಾಕೆ ಹಾಗೆ?" ಎಂದಳು ಕೊರ್ಕೊಯಿ.

"ನನ್ನ ವಾದಾನೇ ಸಾಕಿತ್ತು. ಕೊನೆಗೆ ಹೆವಿವೇಟೇ ಬಂದು ಗೆಲ್ಲಿಸ್ಬೇಕಾಯ್ತಲ್ಲ" ಎಂದ ಅಯಿಕ್ವೇಯಿ. ಆದರೆ ಆ ಸಂಜೆ ಕೆಂಕೆಯ ಜೊತೆ ಎರಡು ಮೀನು ಹೆಚ್ಚಿಗೆ ತಿಂದ.

ಹಬ್ಬಕ್ಕೆ ಎರಡು ದಿನ ಮುಂಚೆ, ಗುರುವಾರ, ಹಳ್ಳಿಗಳಿಗೆ ಹೋದವರೆಲ್ಲ ಹೊಸ ಜೋಳದ ಮೂಟೆಗಳೊಂದಿಗೆ ಊರಿಗೆ ಮರಳುತ್ತಾರೆ. ಅಯಿಕ್ವೇಯಿ ಇಸ್ತ್ರಿ ಮಾಡಿದ ನಿಲುವಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಕಾದ. ಲಾರಿಯಿಂದ ಮೊದಲು ಮೂಟೆಗಳು ಇಳಿದವು, ಆಮೇಲೆ ಒಂದು ಹೊಟ್ಟೆ ಇಳಿಯಿತು, ಅದರ ಹಿಂದೆ ಕ್ಪಾಕ್ಪೊ ಇಳಿದ.

ನೀಲಿ ಪುಸ್ತಕದ ಆ ಪುಟ ಬರೆದು ಇಪ್ಪತ್ತೆಂಟು ವರ್ಷವಾಗಿತ್ತು. ಮನುಷ್ಯ ಪುಟದೊಳಗೇ ನಿಂತಿರುವುದಿಲ್ಲ ಎಂಬುದು ಅಳೆಯುವುದೇ ಕಸುಬಾದ ಅಯಿಕ್ವೇಯಿಗೆ ಹೊಳೆದಿರಲೇ ಇಲ್ಲ. ತೊಡಿಸಿ ನೋಡಿದರೆ ನಿಲುವಂಗಿಯ ಎರಡು ಅಂಚುಗಳು ಒಂದು ಗೇಣು ದೂರದಿಂದಲೇ ಪರಸ್ಪರ ನೋಡಿಕೊಂಡವು.

"ಕ್ಷಮಿಸಣ್ಣ" ಎಂದ ಕ್ಪಾಕ್ಪೊ.

"ತೂಕದ ಭೇದ ಇಲ್ಲ ಅಂದಿದ್ವಿ. ಇವನು ಎಲ್ಲಾ ತೂಕಾನೂ ದಾಟ್ಬಿಟ್ಟಿದಾನಲ್ಲೋ!" ಲಾಂಟೆ ಬೆಂಚು ಹಿಡಿದುಕೊಂಡು ನಕ್ಕ.

ಚಿನ್ನದ ಬಣ್ಣದ ತುಂಡೊಂದೂ ಉಳಿದಿರಲಿಲ್ಲ. ಅಯಿಕ್ವೇಯಿ ಕಲ್ಲಿನಂತೆ ನಿಂತಿದ್ದಾಗ ಓಡೊಯಿ ಮನೆಗೆ ಹೋಗಿ, ಪೆಟ್ಟಿಗೆಯಿಂದ ತನ್ನ ಹಳೆಯ ಕೆಂಪು ನಿಲುವಂಗಿ ತಂದು ಯಂತ್ರದ ಮೇಲೆ ಹಾಕಿದ. ಅದನ್ನು ಹೊಲಿದವನೂ ಅಯಿಕ್ವೇಯಿಯೇ. "ಕತ್ತರಿಸು. ಇದರಲ್ಲಿ ಮೂವರು ಕ್ಪಾಕ್ಪೊಗಳಿಗಾಗುವಷ್ಟಿದೆ."

ಶನಿವಾರ ಕ್ಪಾಕ್ಪೊ ಚಿನ್ನದ ನಿಲುವಂಗಿ ತೊಟ್ಟು ಬೀದಿಯಲ್ಲಿ ನಡೆದ. ಎರಡು ಪಕ್ಕೆಗಳಲ್ಲೂ ಅಗಲವಾದ ಕೆಂಪು ಪಟ್ಟಿ. ಚಿನ್ನಕ್ಕೆ ಕೆಂಪು ಎಷ್ಟು ಒಪ್ಪಿತ್ತೆಂದರೆ ಅದು ಯಾರ ಯೋಚನೆ ಎಂದು ಎಲ್ಲರೂ ಕೇಳುವವರೇ.

"ನಂದು!" ಎಂದು ಲಾಂಟೆ ದೋಣಿಗಳಿಗೂ ಕೇಳುವಂತೆ ಸಾರಿದ.

ಅಯಿಕ್ವೇಯಿ ಬಾಯಿ ತೆರೆದ. ಅವನು ಮೂರನೆಯ ಪದಕ್ಕೆ ಬರುವಷ್ಟರಲ್ಲಿ ಡೋಲು ಶುರುವಾಯಿತು.